ಪಟ್ಟಿಯಿಂದ ಮತಗಟ್ಟೆಯವರೆಗೆ: ಚುನಾವಣಾ ಆಯೋಗದ ಮತದಾರ ಸೇವೆಗಳ ಬಗ್ಗೆ ಒಬ್ಬ ವಿಶ್ವಾಸಿಯ ವಿಮರ್ಶೆ

ಭಾರತದ ಚುನಾವಣಾ ಆಯೋಗವು ಮತದಾರರಿಗಾಗಿ ನಡೆಸುವ ಸೇವೆಗಳನ್ನು, ಅಂದರೆ ವೋಟರ್ ಹೆಲ್ಪ್‌ಲೈನ್ ಆ್ಯಪ್, ಮತದಾರರ ಸೇವಾ ಪೋರ್ಟಲ್, 1950 ಸಹಾಯವಾಣಿ ಮತ್ತು ಮನೆಯಿಂದಲೇ ಮತದಾನದ ವ್ಯವಸ್ಥೆಯನ್ನು, ನಾನು ಹತ್ತಿರದಿಂದ ನೋಡಿದ್ದು ಬೆಂಗಳೂರಿನ ಒಂದು ಕಥೋಲಿಕ ಧರ್ಮಕೇಂದ್ರದ, ಅಂದರೆ ಚರ್ಚಿನ, ಸ್ವಯಂಸೇವಕನಾಗಿ. 2023ರ ವಿಧಾನಸಭಾ ಚುನಾವಣೆ ಮತ್ತು 2024ರ ಲೋಕಸಭಾ ಚುನಾವಣೆಯ ಮುನ್ನಾ ತಿಂಗಳುಗಳಲ್ಲಿ ಭಾನುವಾರದ ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಮೇಜು ಹಾಕಿಕೊಂಡು, ಹೆಸರು ಹುಡುಕಿಕೊಡುವ, ಅರ್ಜಿ ತುಂಬಿಕೊಡುವ ಕೆಲಸವನ್ನು ನಾವು ಕೆಲವರು ಮಾಡುತ್ತಿದ್ದೆವು. ಈ ಸೇವೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಆ್ಯಪ್ ಎಷ್ಟು ಬೇಗ ತೆರೆಯುತ್ತದೆ, ಒಟಿಪಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ನೋಡುತ್ತಾರೆ. ನಾನು ಅಳೆಯಲು ಬಯಸುವುದು ಬೇರೆ ಕೋಲಿನಿಂದ. ಸಾರ್ವಜನಿಕ ಒಳಿತಿಗಾಗಿ ತೆರಿಗೆ ಕಟ್ಟುವುದೂ ಮತದಾನದ ಹಕ್ಕನ್ನು ಚಲಾಯಿಸುವುದೂ ನೈತಿಕ ಹೊಣೆ ಎಂದು ಕಥೋಲಿಕ ಧರ್ಮಸಭೆಯ ಅಧಿಕೃತ ಧರ್ಮೋಪದೇಶ ತನ್ನ 2240ನೇ ಪರಿಚ್ಛೇದದಲ್ಲಿ ಹೇಳುತ್ತದೆ. ಅದು ಹೊಣೆಯಾದ ಮೇಲೆ, ಆ ಹೊಣೆಯನ್ನು ನೆರವೇರಿಸಲು ಅತ್ಯಂತ ಕಷ್ಟಪಡುವವರಿಗೆ, ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸು ತನ್ನ ಸೋದರರೆಂದು ಕರೆದ ಆ ಅಲ್ಪರಿಗೆ, ಈ ಸೇವೆ ಎಷ್ಟು ದಕ್ಕುತ್ತದೆ ಎಂಬುದೇ ನನ್ನ ಪ್ರಶ್ನೆ.

ಮತದಾನ ನಡೆಯುವುದು ಮತಗಟ್ಟೆಯಲ್ಲಿ ಎಂದು ನಾವೆಲ್ಲ ಭಾವಿಸುತ್ತೇವೆ. ಬಡವನ ಮಟ್ಟಿಗೆ ಅದು ತೀರ್ಮಾನವಾಗುವುದು ತಿಂಗಳುಗಳ ಹಿಂದೆ, ಮತದಾರರ ಪಟ್ಟಿಯಲ್ಲಿ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಪಟ್ಟಿಗೆ ಒಂದು ಹೆಸರನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಮತದಾನದ ದಿನ ಗುರುತಿನ ಚೀಟಿ ಹಿಡಿದು ಸಾಲಿನಲ್ಲಿ ನಿಂತು, ಪಟ್ಟಿಯಲ್ಲಿ ಹೆಸರಿಲ್ಲವೆಂದು ತಿಳಿದು ಹಿಂದಿರುಗುವವರಿಗೆ ಅಲ್ಲಿ ಯಾವ ಪರಿಹಾರವೂ ಇರುವುದಿಲ್ಲ. ಚೀಟಿ ಗುರುತಿಗೆ ಮಾತ್ರ, ಹಕ್ಕು ಪಟ್ಟಿಯಲ್ಲಿರುತ್ತದೆ. ಆದ್ದರಿಂದ ಈ ಇಡೀ ಸೇವೆಯ ಹೃದಯ ಪಟ್ಟಿಯಲ್ಲಿ ಹೆಸರು ಹುಡುಕುವ ಪುಟದಲ್ಲಿದೆ, ವಿಮರ್ಶೆ ಅಲ್ಲಿಂದಲೇ ಶುರುವಾಗಬೇಕು.

ಹುಡುಕಲು ಮೂರು ದಾರಿಗಳಿವೆ: ಗುರುತಿನ ಚೀಟಿಯ ಸಂಖ್ಯೆಯಿಂದ, ನೋಂದಾಯಿತ ಮೊಬೈಲ್ ಸಂಖ್ಯೆಯಿಂದ, ಅಥವಾ ಹೆಸರು, ತಂದೆ ಇಲ್ಲವೇ ಗಂಡನ ಹೆಸರು, ವಯಸ್ಸು, ಜಿಲ್ಲೆ, ಕ್ಷೇತ್ರ ಇವುಗಳನ್ನು ತುಂಬುವುದರಿಂದ. ಮೊದಲನೆಯದು ನಿಶ್ಚಿತವಾದ ದಾರಿ. ಚೀಟಿ ಕೈಯಲ್ಲಿದ್ದವರ ಹೆಸರು, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆಯ ವಿಳಾಸ ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತವೆ, ಇದಕ್ಕಾಗಿ ಆಯೋಗವನ್ನು ಮನಸಾರೆ ಮೆಚ್ಚಬೇಕು. ಚೀಟಿ ಕಳೆದುಕೊಂಡವರು, ಮನೆ ಬದಲಿಸುವಾಗ ಕಾಗದಪತ್ರ ಹಾಳಾದವರು ಮೂರನೆಯ ದಾರಿಗೆ ಬರುತ್ತಾರೆ, ಅದೇ ಕಡಿದಾದ ದಾರಿ. ನಮ್ಮ ಸಮುದಾಯದ ಹೆಸರುಗಳು ಪೋರ್ಚುಗೀಸಿನಿಂದ, ಲ್ಯಾಟಿನ್ನಿನಿಂದ, ತಮಿಳಿನಿಂದ, ಕೊಂಕಣಿಯಿಂದ ಬಂದವು. ಡಿಸೋಜ ಎಂಬ ಒಂದೇ ಮನೆತನದ ಹೆಸರು ಕನ್ನಡದಲ್ಲಿ ಡಿ ಸೋಜಾ, ಡಿಸೋಝ, ಡಿಸೌಜ ಎಂದು ನಾಲ್ಕಾರು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆರೋಗ್ಯಮೇರಿ, ಆರೋಕ್ಯಮೇರಿ, ಆರೋಗ್ಯ ಮೇರಿ ಒಬ್ಬಳೇ ಆಗಿರಬಹುದು. ಹುಡುಕಾಟಕ್ಕೆ ಪಟ್ಟಿಯಲ್ಲಿರುವ ಕಾಗುಣಿತವೇ ಬೇಕು. ಹೊಸ ಅರ್ಜಿಯಲ್ಲಿ ಇಂಗ್ಲಿಷಿನಲ್ಲಿ ಬರೆದ ಹೆಸರನ್ನು ತಂತ್ರಾಂಶ ತಾನಾಗಿಯೇ ಕನ್ನಡಕ್ಕೆ ಇಳಿಸುತ್ತದೆ, ಅದನ್ನು ತಿದ್ದುವ ಅವಕಾಶವೂ ಇದೆ. ಅರ್ಜಿ ತುಂಬುವವರು ಆ ಒಂದು ನಿಮಿಷವನ್ನು ಉಳಿಸಲು ಹೋಗಬಾರದು ಎಂಬುದು ನನ್ನ ಕಳಕಳಿಯ ವಿನಂತಿ.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರವಾದದ್ದು. ಪ್ರತಿ ಮತಗಟ್ಟೆಯ ಪಟ್ಟಿಯನ್ನು ಆಯೋಗ ಜಾಲತಾಣದಲ್ಲಿ ಪ್ರಕಟಿಸುತ್ತದೆ ನಿಜ, ಆದರೆ ಅದು ಪುಟದ ಚಿತ್ರದ ರೂಪದಲ್ಲಿರುತ್ತದೆ, ಹೆಸರು ಬರೆದು ಹುಡುಕಲಾಗದು. ಪಟ್ಟಿಯನ್ನು ಹುಡುಕಬಲ್ಲ ಪಠ್ಯವಾಗಿ ಕೊಡಬೇಕೆಂಬ ಬೇಡಿಕೆ 2018ರಲ್ಲಿ ಸುಪ್ರೀಂ ಕೋರ್ಟಿಗೂ ಹೋಗಿತ್ತು, ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಮತದಾರರ ಖಾಸಗಿತನದ ಪ್ರಶ್ನೆ ಇದೆ ಎಂಬುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಒಂದು ಬೀದಿಯ ಎಲ್ಲ ಮನೆಗಳ ಹೆಸರು ಉಳಿದಿದೆಯೇ ಎಂದು ನೋಡಹೊರಟ ಸ್ವಯಂಸೇವಕನು ನೂರಾರು ಹೆಸರುಗಳ ಮೇಲೆ ಬೆರಳಾಡಿಸಿ ಓದಬೇಕಾಗುತ್ತದೆ. ದುಡ್ಡೂ ಕಾರ್ಯಕರ್ತರೂ ಇರುವ ಪಕ್ಷಗಳಿಗೆ ಅದು ಹೊರೆಯಲ್ಲ, ಒಂದು ಪುಟ್ಟ ಧರ್ಮಕೇಂದ್ರಕ್ಕೆ ಹೊರೆ.

ಹೆಸರು ಸೇರಿಸಲು 6ನೇ ನಮೂನೆ, ಅಳಿಸಲು 7ನೇ ನಮೂನೆ, ವಿಳಾಸ ಬದಲಾವಣೆ ಹಾಗೂ ತಿದ್ದುಪಡಿಗೆ 8ನೇ ನಮೂನೆ. ಇವುಗಳಲ್ಲಿ 7ನೆಯದರ ಬಗ್ಗೆ ಎಚ್ಚರ ಬೇಕು. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮುನ್ನ ಹೆಸರು ಅಳಿಸಲು ಆನ್‌ಲೈನಿನಲ್ಲಿ ಬಂದ 6,018 ಅರ್ಜಿಗಳನ್ನು ಪರಿಶೀಲಿಸಿದಾಗ 24 ಮಾತ್ರ ನಿಜವಾದವು ಎಂದು ಕಂಡುಬಂದಿತು. ಉಳಿದವು ತಿರಸ್ಕೃತವಾಗಿ ಪೊಲೀಸ್ ಪ್ರಕರಣ ದಾಖಲಾಯಿತು. ಬೇರೊಬ್ಬನ ಹೆಸರಿನಲ್ಲಿ ಅರ್ಜಿ ಹಾಕಿ, ಬದುಕಿ ಬಾಳುತ್ತಿರುವ ನೆರೆಯವನನ್ನು ಊರಿನಲ್ಲಿಲ್ಲ ಎಂದು ಬರೆಯುವುದಕ್ಕೆ ದಶಾಜ್ಞೆಗಳಲ್ಲಿ ಸ್ಪಷ್ಟವಾದ ಹೆಸರಿದೆ, ಸುಳ್ಳುಸಾಕ್ಷಿ. ಸ್ಥಳಕ್ಕೆ ಹೋಗಿ ಪರಿಶೀಲಿಸುವ ಮತಗಟ್ಟೆ ಮಟ್ಟದ ಅಧಿಕಾರಿಯೇ, ಅಂದರೆ ಬಿಎಲ್‌ಒ ಎಂದು ನಾವು ಕರೆಯುವವರೇ, ಅಲ್ಲಿ ಕಾವಲಾದರು. ಅಂಗನವಾಡಿಯ, ಶಾಲೆಯ ಕೆಲಸದ ಮೇಲೆ ಈ ಕೆಲಸವನ್ನೂ ಹೊತ್ತು ಬಿಸಿಲಿನಲ್ಲಿ ಮನೆ ಮನೆ ಸುತ್ತುವ ಈ ಹೆಣ್ಣುಮಕ್ಕಳ ಬಗ್ಗೆ ಯಾವ ವಿಮರ್ಶೆಯೂ ಸಾಕಷ್ಟು ಹೇಳುವುದಿಲ್ಲ. ಆ್ಯಪ್ ಎಷ್ಟೇ ಚೆನ್ನಾಗಿರಲಿ, ಸೇವೆಯ ಪ್ರಾಣ ಅವರು.

8ನೇ ನಮೂನೆಯನ್ನು ಹೆಚ್ಚು ಬಳಸುವವರು ಬಾಡಿಗೆ ಮನೆಯವರು ಮತ್ತು ಧರ್ಮಭಗಿನಿಯರು, ಅಂದರೆ ಕ್ರೈಸ್ತ ಸನ್ಯಾಸಿನಿಯರು. ಭಗಿನಿಯರು ಕೆಲವು ವರ್ಷಗಳಿಗೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ, ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ವರ್ಗವಾಗುತ್ತಾರೆ. ಆಸ್ಪತ್ರೆ, ಶಾಲೆ, ಅನಾಥಾಲಯಗಳಲ್ಲಿ ಬಡವರ ಜೊತೆ ದಿನವಿಡೀ ಇರುವ ಇವರ ಮತ ಹಳೆಯ ಊರಿನ ಪಟ್ಟಿಯಲ್ಲೇ ಉಳಿದುಬಿಡುವುದು ನಷ್ಟವೇ ಸರಿ. ಮೊದಲು ಕ್ಷೇತ್ರ ಬದಲಾದರೆ ಹೊಸ ಮತದಾರರಂತೆ 6ನೇ ನಮೂನೆಯನ್ನೇ ತುಂಬಬೇಕಾಗಿತ್ತು, 2022ರ ಆಗಸ್ಟ್‌ನಲ್ಲಿ ನಮೂನೆಗಳನ್ನು ಪರಿಷ್ಕರಿಸಿದ ಮೇಲೆ 8ನೆಯದೇ ಸಾಕಾಗಿದೆ. ಬಾಡಿಗೆಯವರ ಕಷ್ಟ ಇಷ್ಟು ಸುಲಭವಾಗಿ ತೀರುವುದಿಲ್ಲ. ಮನೆಗೆಲಸದವರಿಗೆ, ಕಟ್ಟಡ ಕಾರ್ಮಿಕರಿಗೆ ನೋಂದಾಯಿತ ಬಾಡಿಗೆ ಕರಾರು ಇರುವುದೇ ಅಪರೂಪ, ವಿದ್ಯುತ್ ಬಿಲ್ ಮಾಲೀಕರ ಹೆಸರಿನಲ್ಲಿರುತ್ತದೆ.

ಆದರೆ ಇದೇ ನಿಯಮಾವಳಿಯಲ್ಲಿ ನನ್ನ ಮನಸ್ಸನ್ನು ತಟ್ಟಿದ ಒಂದು ಅಂಶವಿದೆ, ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಮನೆಯೇ ಇಲ್ಲದವನು, ಪಾದಚಾರಿ ಮಾರ್ಗದಲ್ಲೋ ಸೇತುವೆಯ ಕೆಳಗೋ ಮಲಗುವವನು, ವಿಳಾಸದ ದಾಖಲೆ ಕೊಡಬೇಕಾಗಿಲ್ಲ. ಅವನು ಹೇಳಿದ ಜಾಗಕ್ಕೆ ಬಿಎಲ್‌ಒ ರಾತ್ರಿಯ ವೇಳೆ ಹೋಗಿ ಅವನು ನಿಜವಾಗಿ ಅಲ್ಲಿ ಮಲಗುತ್ತಾನೆಂದು ಖಚಿತಪಡಿಸಿಕೊಂಡರೆ ಸಾಕು, ಅವನು ಆ ಕ್ಷೇತ್ರದ ಮತದಾರ. ಮನುಷ್ಯಪುತ್ರನಿಗೆ ತಲೆಯಿಡಲೂ ಸ್ಥಳವಿಲ್ಲ ಎಂದು ಸುವಾರ್ತೆಯಲ್ಲಿ ಓದುವ ನಾವು, ತಲೆಯಿಡಲು ಸ್ಥಳವಿಲ್ಲದವನಿಗೂ ಈ ದೇಶದ ಕಾನೂನು ಪಟ್ಟಿಯಲ್ಲಿ ಒಂದು ಸ್ಥಳ ಕೊಟ್ಟಿದೆ ಎಂದು ಹೆಮ್ಮೆಪಡಬೇಕು. ಆ ಸ್ಥಳವನ್ನು ಅವನಿಗೆ ದೊರಕಿಸುವ ಕೆಲಸಕ್ಕೆ ಊಟ ಹಂಚುವ ನಮ್ಮ ಸಂಘಗಳಿಗಿಂತ ಯೋಗ್ಯರು ಯಾರಿದ್ದಾರೆ?

ಈಗ ಮನೆಯಿಂದಲೇ ಮತದಾನದ ವಿಷಯ. ಈ ಸೇವೆಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಇದು. ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಇದು ಮೊದಲು ಜಾರಿಗೆ ಬಂದದ್ದು 2023ರಲ್ಲಿ. 80 ವರ್ಷ ದಾಟಿದವರಿಗೂ, ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವಿರುವವರಿಗೂ ಆಗ ಅವಕಾಶವಿತ್ತು. ರಾಜ್ಯದ ಪಟ್ಟಿಯಲ್ಲಿ 80 ದಾಟಿದವರೇ 12 ಲಕ್ಷಕ್ಕೂ ಹೆಚ್ಚು ಇದ್ದರು. 2024ರಲ್ಲಿ ನಿಯಮ ತಿದ್ದಿ ವಯಸ್ಸನ್ನು 85ಕ್ಕೆ ಏರಿಸಲಾಯಿತು. ಈ ಏರಿಕೆ ನನಗೆ ಸರಿಕಾಣಲಿಲ್ಲ. ಎಂಬತ್ತೆರಡರ ಮುದುಕಿಗೆ ಮಂಡಿನೋವು ಒಂದು ವರ್ಷದಲ್ಲಿ ಕಡಿಮೆಯಾಗುವುದಿಲ್ಲ.

ವಿಧಾನ ಹೀಗಿದೆ: ಚುನಾವಣಾ ಅಧಿಸೂಚನೆ ಹೊರಟ ಐದು ದಿನಗಳೊಳಗೆ 12ಡಿ ನಮೂನೆಯನ್ನು ತುಂಬಿ ಕೊಡಬೇಕು, ಬಿಎಲ್‌ಒ ಅದನ್ನು ಮನೆಗೇ ತಂದು ಮನೆಯಿಂದಲೇ ಪಡೆಯುತ್ತಾರೆ. ಗೊತ್ತಾದ ದಿನ ಮತಗಟ್ಟೆ ಸಿಬ್ಬಂದಿ, ಒಬ್ಬ ಪೊಲೀಸ್, ಒಬ್ಬ ವಿಡಿಯೊ ಚಿತ್ರೀಕರಣದವರು ಮನೆಗೆ ಬರುತ್ತಾರೆ. ಅಭ್ಯರ್ಥಿಗಳ ಪ್ರತಿನಿಧಿಗಳೂ ಬರಬಹುದು. ಮತಪತ್ರವನ್ನು ಗುಟ್ಟಾಗಿ ಗುರುತುಮಾಡಲು ಮರೆ ಕಟ್ಟುತ್ತಾರೆ, ಲಕೋಟೆಯಲ್ಲಿಟ್ಟು ಮುಚ್ಚಿ ಪೆಟ್ಟಿಗೆಗೆ ಹಾಕಿಸಿಕೊಳ್ಳುತ್ತಾರೆ. ತಿಂಗಳ ಮೊದಲ ಶುಕ್ರವಾರ ನಮ್ಮ ಗುರುಗಳು ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದವನ್ನು ಒಯ್ಯುವುದನ್ನು ಕಂಡವರಿಗೆ ಈ ತಂಡ ಮೆಟ್ಟಿಲು ಹತ್ತಿ ಬರುವಾಗ ಆ ದೃಶ್ಯ ನೆನಪಾಗದೆ ಇರದು: ಬರಲಾಗದವರ ಬಳಿಗೆ ಸಮುದಾಯವೇ ಎದ್ದು ಬರುವುದು ಎರಡರಲ್ಲೂ ಇದೆ. ಆ ಮನೆಗಳಲ್ಲಿ ಹಿರಿಯರು ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು, ಕುರ್ಚಿಯ ಮೇಲೆ ನೆಟ್ಟಗೆ ಕುಳಿತು ಕಾಯುತ್ತಾರೆ. ಮಕ್ಕಳು ಒಳಗೆ ಬಂದು ಹೇಳಿಕೊಡಲು ಹೋದರೆ ಅಧಿಕಾರಿ ಅವರನ್ನು ಹೊರಗೆ ನಿಲ್ಲಿಸುತ್ತಾರೆ. ವರ್ಷಗಳಿಂದ ಔಷಧಿ, ಊಟ, ಸ್ನಾನ ಎಲ್ಲದಕ್ಕೂ ಇನ್ನೊಬ್ಬರ ಮಾತು ಕೇಳಬೇಕಾದ ಒಬ್ಬ ತಾಯಿಗೆ ಆ ಕೆಲವು ನಿಮಿಷ ಯಾರ ಮಾತನ್ನೂ ಕೇಳಬೇಕಾಗಿಲ್ಲದ ಸ್ವಾತಂತ್ರ್ಯ. ಮನುಷ್ಯನನ್ನು ದೇವರು ತನ್ನ ಸ್ವರೂಪದಲ್ಲಿ ಉಂಟುಮಾಡಿದನು ಎಂಬ ಮಾತಿಗೆ ಸರ್ಕಾರಿ ನಮೂನೆಯೊಂದು ಇಷ್ಟು ಹತ್ತಿರ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಿಳಿದಿರಬೇಕಾದ ಒಂದು ಮಾತು: 12ಡಿ ಒಪ್ಪಿಗೆಯಾದ ಮೇಲೆ ಆ ವ್ಯಕ್ತಿ ಮತಗಟ್ಟೆಗೆ ಹೋಗಿ ಮತ ಹಾಕುವಂತಿಲ್ಲ. ಮತಗಟ್ಟೆಗೆ ಹೋಗುವುದನ್ನೇ ಹಬ್ಬವೆಂದು ಭಾವಿಸುವ ಹಿರಿಯರಿದ್ದಾರೆ, ಅವರಿಗೆ ಅಂಗವಿಕಲರಿಗಾಗಿ ಇರುವ ಸಕ್ಷಮ್ ಆ್ಯಪ್‌ನಲ್ಲಿ ಗಾಲಿಕುರ್ಚಿಯ ನೆರವು ಕೇಳಬಹುದು. ಯಾವುದು ಬೇಕೆಂದು ಅವರನ್ನೇ ಕೇಳಿ ಅರ್ಜಿ ತುಂಬುವುದು ಧರ್ಮ.

ಈ ಸೇವೆಗಳಲ್ಲಿ ಅಭ್ಯರ್ಥಿಗಳ ಪ್ರಮಾಣಪತ್ರವನ್ನು, ಅಂದರೆ ಅಫಿಡವಿಟ್ಟನ್ನು, ತೋರಿಸುವ ಭಾಗವನ್ನು ನಮ್ಮ ಜನ ಕಡಿಮೆ ಬಳಸುತ್ತಾರೆ. ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಮೋಶೆಗೆ ಅವನ ಮಾವ ಕೊಡುವ ಸಲಹೆಯಲ್ಲಿ, ಜನರ ಮೇಲೆ ನೇಮಿಸಬೇಕಾದವರು ದೇವಭಯವುಳ್ಳವರೂ ಸತ್ಯವಂತರೂ ಲಂಚವನ್ನು ದ್ವೇಷಿಸುವವರೂ ಆಗಿರಬೇಕು ಎಂದಿದೆ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಿಂದಾಗಿ ಪ್ರತಿ ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯಾಭ್ಯಾಸ, ಕ್ರಿಮಿನಲ್ ಪ್ರಕರಣಗಳು ನಮ್ಮ ಕೈಯಲ್ಲಿರುವ ಫೋನಿನಲ್ಲೇ ಓದಲು ಸಿಗುತ್ತವೆ. ಇದನ್ನು ಓದದೆ ಪ್ರೆಶರ್ ಕುಕ್ಕರ್, ಸೀರೆ, ಗರಿಗರಿ ನೋಟಿನ ಲಕೋಟೆಯನ್ನು ಬಾಗಿಲಲ್ಲಿ ಸ್ವೀಕರಿಸುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ ಎಂದು ನಾವು ಪ್ರಾಮಾಣಿಕವಾಗಿ ಹೇಳಬೇಕು. ಬಡತನದಲ್ಲಿ ತೆಗೆದುಕೊಂಡ ತಾಯಿಯನ್ನು ನಾನು ದೂಷಿಸುವುದಿಲ್ಲ. ಕೊಟ್ಟವನನ್ನು ಸಿ-ವಿಜಿಲ್ ಆ್ಯಪ್‌ನಲ್ಲಿ ಚಿತ್ರ ಸಹಿತ ದೂರಬಹುದು, ನೂರು ನಿಮಿಷಗಳೊಳಗೆ ಕ್ರಮ ಎಂಬುದು ಅದರ ಗುರಿ, ದೂರಿದವರು ಹೆಸರು ಹೇಳದೆ ಉಳಿಯಬಹುದು.

ದೇವಾಲಯದ ಅಂಗಳದಲ್ಲಿ ಇಂಥ ಸೇವೆ ನಡೆಸುವವರು ಒಂದು ಗೆರೆಯನ್ನು ಕಟ್ಟುನಿಟ್ಟಾಗಿ ಕಾಯಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಸೆಕ್ಷನ್ ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟ ಆಚರಣೆ ಎಂದು ಕರೆಯುತ್ತದೆ. 2017ರ ಜನವರಿ 2ರಂದು ಏಳು ನ್ಯಾಯಮೂರ್ತಿಗಳ ಪೀಠ ಬಹುಮತದ ತೀರ್ಪಿನಲ್ಲಿ, ಇದು ಅಭ್ಯರ್ಥಿಯ ಧರ್ಮಕ್ಕಷ್ಟೇ ಸೀಮಿತವಲ್ಲ, ಮತದಾರನ ಧರ್ಮಕ್ಕೂ ಅನ್ವಯಿಸುತ್ತದೆ ಎಂದು ವಿಸ್ತರಿಸಿತು. ಈ ಗೆರೆ ನಮಗೆ ಹೊರಗಿನಿಂದ ಬಂದದ್ದೇನೂ ಅಲ್ಲ. 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಸ್ಥಾನಗಳಿದ್ದವು. ಸಂವಿಧಾನ ರಚನಾಸಭೆಯ ಕರಡಿನಲ್ಲೂ ಮದ್ರಾಸ್ ಮತ್ತು ಬೊಂಬಾಯಿ ಪ್ರಾಂತಗಳಲ್ಲಿ ಕ್ರೈಸ್ತರಿಗೆ ಮೀಸಲು ಸ್ಥಾನಗಳ ಪ್ರಸ್ತಾಪವಿತ್ತು. ಆ ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಕ್ರೈಸ್ತ ಮುಖಂಡ ಎಚ್. ಸಿ. ಮುಖರ್ಜಿ, ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಇಂಥವರು ಕುಳಿತಿದ್ದ ಆ ಸಭೆಯಲ್ಲಿ 1949ರ ಮೇ ತಿಂಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಕೈಬಿಡಲಾಯಿತು, ಕ್ರೈಸ್ತ ನಾಯಕರು ಅದಕ್ಕೆ ಮನಃಪೂರ್ವಕ ಒಪ್ಪಿಗೆ ಕೊಟ್ಟರು. ನೆರೆಹೊರೆಯ ಎಲ್ಲರ ಜೊತೆ ಒಂದೇ ಪಟ್ಟಿಯಲ್ಲಿ, ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ ಎಂದು ನಮ್ಮ ಹಿರಿಯರು ಆರಿಸಿಕೊಂಡ ಮೇಲೆ, ನಮ್ಮವರ ಓಟು ನಮ್ಮವರಿಗೆ ಎಂದು ಯಾರಾದರೂ ಅಂಗಳದಲ್ಲಿ ಪಿಸುಗುಟ್ಟಿದರೆ ಅದು ಆ ತ್ಯಾಗಕ್ಕೆ ಮಾಡುವ ಅವಮಾನ. ನಮ್ಮ ಮೇಜಿಗೆ ಮಸೀದಿ ಬೀದಿಯವರೂ ಮಾರಮ್ಮನ ಗುಡಿಯ ಹಿಂದಿನವರೂ ಬಂದರು. ಬಡವರ ಹೆಸರು ಉಳಿಸುವ ಕೆಲಸಕ್ಕೆ ಜ್ಞಾನಸ್ನಾನದ ಪತ್ರ ಬೇಕಾಗಿಲ್ಲ.

2019ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು, ದಕ್ಷಿಣ ಕನ್ನಡ ಸೇರಿದಂತೆ ರಾಜ್ಯದ ಅರ್ಧ ಭಾಗಕ್ಕೆ ಮತದಾನ ನಡೆದದ್ದು ಏಪ್ರಿಲ್ 18ರಂದು, ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ. ಆ ದಿನಾಂಕದ ವಿರುದ್ಧ ತಮಿಳುನಾಡಿನಲ್ಲಿ ಕ್ರೈಸ್ತರು ಮದ್ರಾಸ್ ಹೈಕೋರ್ಟಿಗೂ ಹೋಗಿದ್ದರು, ಫಲ ಸಿಗಲಿಲ್ಲ. ಪೂಜಾವಿಧಿಯ ಅನನುಕೂಲವನ್ನು ಒಪ್ಪಿಕೊಂಡೂ ನಾನು ಹೇಳುವುದಿಷ್ಟೆ: ಗುರುವಾದ ಯೇಸು ತನ್ನ ಶಿಷ್ಯರ ಪಾದ ತೊಳೆದ ದಿನ, ನೆರೆಯವರ ನೀರು, ರೇಷನ್, ಶಾಲೆ, ಕೂಲಿಯನ್ನು ನೆನೆದು ಮತ ಹಾಕುವುದಕ್ಕಿಂತ ಆ ದಿನಕ್ಕೆ ಹೆಚ್ಚು ಹೊಂದುವ ಕೆಲಸ ಬೇರೆ ಇಲ್ಲ. 2024ರಲ್ಲಿ ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಈ ಮೂರೂ ಕ್ಷೇತ್ರಗಳಲ್ಲಿ ಮತದಾನ ಶೇ. 55ನ್ನು ಮುಟ್ಟಲಿಲ್ಲ, ರಾಜ್ಯದ ಅದೇ ಮೊದಲ ಹಂತದಲ್ಲಿ ಮಂಡ್ಯ ಶೇ. 80 ದಾಟಿತು. ಓದಿದವರ, ವಾಹನವಿದ್ದವರ ನಗರದಲ್ಲಿ ಈ ಅಂಕಿ ಬಂದಿರುವಾಗ ಆ್ಯಪ್‌ನ ಮೇಲೆ ತಪ್ಪು ಹೊರಿಸಲಾಗದು.

ಈ ಸೇವೆಗಳು ಎಷ್ಟೇ ಸುಧಾರಿಸಿದರೂ ತುಂಬಲಾಗದ ಕೆಲವು ಕಂದಕಗಳಿವೆ, ಅವು ಕಾನೂನಿನವು. 1951ರ ಕಾಯ್ದೆಯ 62(5)ನೇ ಸೆಕ್ಷನ್ ಪ್ರಕಾರ ಸೆರೆಮನೆಯಲ್ಲಿರುವ ವಿಚಾರಣಾಧೀನ ಕೈದಿ ಮತ ಹಾಕುವಂತಿಲ್ಲ. ದೇಶದ ಸೆರೆಮನೆಗಳಲ್ಲಿ ಸುಮಾರು ನಾಲ್ವರಲ್ಲಿ ಮೂವರು ಇನ್ನೂ ಅಪರಾಧ ಸಾಬೀತಾಗದವರು, ಬಹುಪಾಲು ಬಡವರು. ಅಲ್ಲಿಂದಲೇ ಚುನಾವಣೆಗೆ ನಿಲ್ಲಬಹುದು, ಮತ ಮಾತ್ರ ಹಾಕಲಾಗದು. ನಾನು ಸೆರೆಯಲ್ಲಿದ್ದಾಗ ನನ್ನನ್ನು ನೋಡಲು ಬಂದಿರಿ ಎಂಬ ಮಾತನ್ನು ನಂಬಿ ಕಾರಾಗೃಹ ಸೇವೆ ಮಾಡುವ ನಮ್ಮ ಸಂಘಗಳು ಈ ಅನ್ಯಾಯದ ಬಗ್ಗೆ ಇನ್ನಷ್ಟು ಗಟ್ಟಿಯಾಗಿ ಮಾತನಾಡಬೇಕು. ದಲಿತ ಕ್ರೈಸ್ತರದು ಇನ್ನೊಂದು ನೋವು: 1950ರ ರಾಷ್ಟ್ರಪತಿ ಆದೇಶದಿಂದಾಗಿ ಅವರು ಪರಿಶಿಷ್ಟ ಜಾತಿಯ ಪಟ್ಟಿಯ ಹೊರಗಿದ್ದಾರೆ, ಮೀಸಲು ಕ್ಷೇತ್ರದಲ್ಲಿ ಮತ ಹಾಕಬಹುದು, ಅಭ್ಯರ್ಥಿಯಾಗಿ ನಿಲ್ಲಲಾಗದು. ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯ ಸಾವಿರಾರು ಮನೆಯವರು 6ಎ ನಮೂನೆಯಲ್ಲಿ ಹೆಸರು ಸೇರಿಸಿಕೊಳ್ಳಬಹುದು, ಆದರೆ ಮತ ಹಾಕಲು ವಿಮಾನ ಹತ್ತಿ ಊರಿನ ಮತಗಟ್ಟೆಗೇ ಬರಬೇಕು. ರಜೆಯೂ ದುಡ್ಡೂ ಇಲ್ಲದ ನರ್ಸಿಗೆ, ಚಾಲಕನಿಗೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಆಯೋಗವು 2025ರಲ್ಲಿ ತನ್ನ ನಲವತ್ತಕ್ಕೂ ಹೆಚ್ಚು ಆ್ಯಪ್ ಮತ್ತು ಜಾಲತಾಣಗಳನ್ನು ಇಸಿಐನೆಟ್ ಎಂಬ ಒಂದೇ ವೇದಿಕೆಗೆ ತರುವುದಾಗಿ ಪ್ರಕಟಿಸಿತು. ಪಟ್ಟಿಗೆ ಒಂದು, ದೂರಿಗೆ ಒಂದು, ಅಂಗವಿಕಲರಿಗೆ ಒಂದು ಎಂದು ಹಂಚಿಹೋಗಿದ್ದುದನ್ನು ಕಂಡವರಿಗೆ ಇದು ಒಳ್ಳೆಯ ಸುದ್ದಿ. ಮನೆಯಿಂದಲೇ ಮತದಾನಕ್ಕೆ ನಾನು ಐದರಲ್ಲಿ ಐದು ಅಂಕ ಕೊಡುತ್ತೇನೆ, ವಯಸ್ಸನ್ನು ಮತ್ತೆ 80ಕ್ಕೆ ಇಳಿಸಲಿ ಎಂಬ ಕೋರಿಕೆಯೊಡನೆ; ಅರ್ಜಿ ನಮೂನೆಗಳಿಗೆ ನಾಲ್ಕು; ಹೆಸರು ಹುಡುಕುವ ಸೌಲಭ್ಯಕ್ಕೆ ಮೂರೇ, ಕನ್ನಡ ಕಾಗುಣಿತದ ಭೇದಗಳನ್ನು ಅದು ಅರಿಯುವವರೆಗೆ. ಹೊಸ ಮತದಾರರಿಗೆ ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನ ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ, 17 ತುಂಬಿದವರು ಮುಂಗಡವಾಗಿಯೂ 6ನೇ ನಮೂನೆ ಸಲ್ಲಿಸಬಹುದು. ನಮ್ಮ ಧರ್ಮಕೇಂದ್ರಗಳ ಧರ್ಮೋಪದೇಶ ತರಗತಿಗಳ ಕೊನೆಯ ವರ್ಷದಲ್ಲಿ ಹೆಚ್ಚುಕಡಿಮೆ ಇದೇ ವಯಸ್ಸಿನ ಮಕ್ಕಳು ಕುಳಿತಿರುತ್ತಾರೆ. ಒಂದು ಭಾನುವಾರದ ತರಗತಿಯನ್ನು ಬಿಎಲ್‌ಒ ಅವರಿಗೆ ಬಿಟ್ಟುಕೊಟ್ಟು, ಆ ಅರ್ಜಿಯನ್ನು ಅಲ್ಲಿಯೇ ತುಂಬಿಸಬೇಕೆಂದು ಗುರುಗಳನ್ನೂ ಉಪದೇಶಿಗಳನ್ನೂ ಕೇಳಿಕೊಳ್ಳುತ್ತೇನೆ.